ಜಾವಾ ವರದಿಗಳಲ್ಲಿ ಹಳೆಯ ಡೇಟಾ: ಎಲ್ಲಿಂದ ಹುಡುಕಬೇಕು

ಡೇಟಾಬೇಸಿನಲ್ಲಿ ಮೊತ್ತವನ್ನು ತಿದ್ದಿಯಾಗಿದೆ, ಪರದೆಯ ಮೇಲೂ ಹೊಸ ಮೊತ್ತವೇ ಕಾಣುತ್ತಿದೆ, ಆದರೆ ಜಾವಾ ಪ್ರೋಗ್ರಾಂ ತಯಾರಿಸಿದ ಪಿಡಿಎಫ್ ವರದಿಯಲ್ಲಿ ಮಾತ್ರ ಹಳೆಯ ಅಂಕಿಯೇ ಇದೆ ಎಂಬ ದೂರು ಬಂದರೆ, ಹೆಚ್ಚಿನವರು ಮೊದಲು ಅನುಮಾನಿಸುವುದು ಕ್ಯಾಶನ್ನು, ಅಂದರೆ ಪದೇಪದೇ ಓದುವುದನ್ನು ತಪ್ಪಿಸಲು ಪ್ರೋಗ್ರಾಂ ತನ್ನ ಬಳಿ ಇಟ್ಟುಕೊಂಡ ಪ್ರತಿಯನ್ನು. ಕ್ಯಾಶ್ ಕಾರಣವಾಗಿರಬಹುದು ನಿಜ. ಆದರೆ ಅಂಕಿ ಯಾವ ಹಂತದಲ್ಲಿ ಹಳತಾಯಿತು ಎಂಬುದನ್ನು ತಿಳಿಯದೆ ಕ್ಯಾಶನ್ನು ತೆಗೆದುಹಾಕಿದರೆ ಇಡೀ ಅಪ್ಲಿಕೇಶನ್ ನಿಧಾನವಾಗುತ್ತದೆ, ದೋಷ ಇದ್ದಲ್ಲೇ ಉಳಿಯಲೂಬಹುದು.

ಹಂತವನ್ನು ಗುರುತಿಸಲು ನಾನು ನೆಚ್ಚಿಕೊಂಡಿರುವ ಉಪಾಯವೆಂದರೆ ವರದಿಯ ಅಡಿಟಿಪ್ಪಣಿಯಲ್ಲಿ ಎರಡು ಸಮಯಗಳನ್ನು ಮುದ್ರಿಸುವುದು: ವರದಿಯ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ನಡೆದ ಅದೇ ಕನೆಕ್ಷನ್ನಿನಲ್ಲಿ ಡೇಟಾಬೇಸ್ ಹೇಳಿದ ಸಮಯ, ಮತ್ತು ಓದಿದ ಸಾಲುಗಳಲ್ಲೇ ಅತ್ಯಂತ ಇತ್ತೀಚಿನ ತಿದ್ದುಪಡಿಯ ಸಮಯ. ಮೊದಲನೆಯದೊಂದೇ ಸಾಲದು. ಪೋಸ್ಟ್‌ಗ್ರೆಸ್‌ನಲ್ಲಿ ಕರೆಂಟ್ ಟೈಮ್‌ಸ್ಟ್ಯಾಂಪ್ ಎಂಬ ಸಮಯದ ಫಂಕ್ಷನ್ ಕೊಡುವುದು ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯುವ ಡೇಟಾಬೇಸ್ ಕೆಲಸಗಳ ಗುಂಪು) ಶುರುವಾದ ಸಮಯವನ್ನು, ಮೈಎಸ್‌ಕ್ಯೂಎಲ್‌ನಲ್ಲಿ ಕೊಡುವುದು ಆ ಕ್ವೆರಿ ಶುರುವಾದ ಸಮಯವನ್ನು. ಹೀಗಾಗಿ ಮೈಎಸ್‌ಕ್ಯೂಎಲ್‌ನಲ್ಲಿ ಹಳೆಯ ಸಾಲುಗಳನ್ನು ಓದುತ್ತಿದ್ದರೂ ಗಡಿಯಾರ ಹೊಸದನ್ನೇ ತೋರಿಸುತ್ತದೆ. ಎರಡನೆಯ ಸಮಯವೇ ನಿಜವಾದ ಸಾಕ್ಷಿ.

ಎರಡೂ ಸಮಯಗಳು ಹಳತಾಗಿದ್ದರೆ ಮೊದಲು ಕಡತವನ್ನೇ ಅನುಮಾನಿಸಬೇಕು. ಬ್ರೌಸರ್ ತಾನು ಇಟ್ಟುಕೊಂಡ ಪ್ರತಿಯನ್ನೇ ತೋರಿಸುತ್ತಿರಬಹುದು, ಅಥವಾ ವರದಿ ತಯಾರಿಸುವ ಲೈಬ್ರರಿಯಾದ ಜಾಸ್ಪರ್‌ರಿಪೋರ್ಟ್ಸ್‌ನ ಜಾಸ್ಪರ್‌ಪ್ರಿಂಟ್ ಆಬ್ಜೆಕ್ಟ್ (ಡೇಟಾ ತುಂಬಿ ಸಿದ್ಧವಾದ ವರದಿ) ಬಳಕೆದಾರರ ಸೆಷನ್ನಿನಲ್ಲಿ ಉಳಿದಿರಬಹುದು. ಆ ಆಬ್ಜೆಕ್ಟ್ ಒಮ್ಮೆ ತುಂಬಿದ ಮೇಲೆ ಅದನ್ನು ಎಷ್ಟು ಬಾರಿ ಎಕ್ಸ್‌ಪೋರ್ಟ್ ಮಾಡಿದರೂ ಅಂಕಿಗಳಿಗಾಗಿ ಮತ್ತೆ ಡೇಟಾಬೇಸಿಗೆ ಹೋಗುವುದಿಲ್ಲ. ವರದಿ ತಯಾರಿಸುವ ಇನ್ನೊಂದು ಸಾಧನವಾದ ಕ್ರಿಸ್ಟಲ್ ರಿಪೋರ್ಟ್ಸ್ ಬಳಸುವವರು ವರದಿಯ ಕಡತದೊಳಗೆ ಡೇಟಾ ಉಳಿಸುವ ಆಯ್ಕೆ ಚಾಲೂ ಇದೆಯೇ ಎಂದು ನೋಡಬೇಕು. ವಿನ್ಯಾಸ ಮಾಡುವಾಗ ಉಳಿದುಹೋದ ಡೇಟಾವೇ ಓದುಗರಿಗೆ ತಲುಪುತ್ತಿರಬಹುದು.

ಮೊದಲ ಸಮಯ ಹೊಸದಾಗಿದ್ದು ಎರಡನೆಯದು ಹಳತಾಗಿದ್ದರೆ ಟ್ರಾನ್ಸಾಕ್ಷನ್ನಿನತ್ತ ತಿರುಗಬೇಕು. ಬಹಳ ಕಡೆ ಅಪ್ಲಿಕೇಶನ್, ಜಾವಾ ಆಬ್ಜೆಕ್ಟ್‌ಗಳನ್ನು ಟೇಬಲ್ಲಿನ ಸಾಲುಗಳಿಗೆ ಜೋಡಿಸುವ ಹೈಬರ್ನೇಟ್ ಎಂಬ ಲೈಬ್ರರಿಯ ಮೂಲಕ ಬರೆಯುತ್ತದೆ, ವರದಿ ಮಾತ್ರ ಡೇಟಾಸೋರ್ಸಿನಿಂದ (ಕನೆಕ್ಷನ್‌ಗಳನ್ನು ಕೊಡುವ ಆಬ್ಜೆಕ್ಟ್) ಬೇರೆಯೇ ಕನೆಕ್ಷನ್ ಪಡೆದು ಓದುತ್ತದೆ. ಬದಲಾವಣೆ ಇನ್ನೂ ಫ್ಲಶ್ ಆಗದಿದ್ದರೆ, ಅಂದರೆ ಹೈಬರ್ನೇಟ್ ಅದನ್ನು ಎಸ್‌ಕ್ಯೂಎಲ್ ಆಗಿ ಕಳಿಸದಿದ್ದರೆ, ಅದು ಡೇಟಾಬೇಸನ್ನೇ ತಲುಪಿಲ್ಲ. ಫ್ಲಶ್ ಆಗಿ ಕಮಿಟ್ ಆಗದಿದ್ದರೆ (ಟ್ರಾನ್ಸಾಕ್ಷನ್ ಖಾಯಂ ಆಗದಿದ್ದರೆ) ಬೇರೆ ಕನೆಕ್ಷನ್ನಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಉಳಿಸುವ ಮೆಥಡ್ಡಿನ ಒಳಗಿನಿಂದಲೇ ವರದಿಯನ್ನು ಕರೆಯುವ ಕೋಡಿನಲ್ಲಿ ಇದು ಪದೇಪದೇ ಕಾಣಿಸುತ್ತದೆ, ಆದ್ದರಿಂದ ಕಮಿಟ್ ಆದ ನಂತರವೇ ವರದಿ ಶುರುವಾಗುವಂತೆ ಮಾಡುವುದು ಸರಿಯಾದ ದಾರಿ.

ಇದಕ್ಕಿಂತ ಹೆಚ್ಚು ದಾರಿತಪ್ಪಿಸುವುದು ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದಲ್ಲಿ ಡೇಟಾ ಇದ್ದ ಹಾಗೆ ಹಿಡಿದಿಟ್ಟ ಚಿತ್ರ. ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಆದ ಇನ್ನೊಡಿಬಿಯಲ್ಲಿ ರಿಪೀಟಬಲ್ ರೀಡ್ ಎಂಬ ಐಸೊಲೇಶನ್ ಮಟ್ಟವೇ (ಒಂದು ಟ್ರಾನ್ಸಾಕ್ಷನ್ನಿಗೆ ಬೇರೆಯವರ ಬದಲಾವಣೆ ಎಷ್ಟು ಕಾಣಬೇಕೆಂಬ ನಿಯಮ) ಡೀಫಾಲ್ಟ್ ಆಗಿರುವುದರಿಂದ, ಟ್ರಾನ್ಸಾಕ್ಷನ್ನಿನ ಮೊದಲ ಸೆಲೆಕ್ಟ್ ನಡೆದಾಗ ಡೇಟಾ ಹೇಗಿತ್ತೋ ಆ ಟ್ರಾನ್ಸಾಕ್ಷನ್ ಮುಗಿಯುವವರೆಗೂ ಹಾಗೆಯೇ ಕಾಣುತ್ತದೆ. ಹಿನ್ನೆಲೆಯಲ್ಲಿ ಓಡುವ ವರದಿಯ ಥ್ರೆಡ್ ಆಟೋಕಮಿಟ್ (ಪ್ರತಿ ಕ್ವೆರಿಯ ನಂತರ ತಾನಾಗಿ ಆಗುವ ಕಮಿಟ್) ಇಲ್ಲದ ಕನೆಕ್ಷನ್ನೊಂದನ್ನು ಬಿಡದೆ ಹಿಡಿದುಕೊಂಡು ಬರೀ ಓದುತ್ತಿದ್ದರೆ, ಬೆಳಗಿನ ಚಿತ್ರವನ್ನೇ ಸಂಜೆಗೂ ಕೊಡುತ್ತದೆ. ಓದುವುದಕ್ಕೇಕೆ ಕಮಿಟ್ ಎಂದು ಅನೇಕರು ಕೇಳುತ್ತಾರೆ. ಉತ್ತರ ಇಲ್ಲೇ ಇದೆ, ಪ್ರತಿ ವರದಿಯ ನಂತರ ಕಮಿಟ್ ಅಥವಾ ರೋಲ್‌ಬ್ಯಾಕ್ (ಬದಲಾವಣೆಗಳನ್ನು ಕೈಬಿಟ್ಟು ಟ್ರಾನ್ಸಾಕ್ಷನ್ ಮುಗಿಸುವುದು) ಮಾಡಿದರೆ ಮಾತ್ರ ಮುಂದಿನ ಓದು ಹೊಸ ಸ್ನ್ಯಾಪ್‌ಶಾಟ್ ಪಡೆಯುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ಗಳಲ್ಲಿ ರೀಡ್ ಕಮಿಟೆಡ್ (ಪ್ರತಿ ಕ್ವೆರಿಗೂ ಆವರೆಗೆ ಕಮಿಟ್ ಆದದ್ದು ಕಾಣುವ ಮಟ್ಟ) ಡೀಫಾಲ್ಟ್ ಆದ್ದರಿಂದ, ಅಲ್ಲಿ ಪರೀಕ್ಷಿಸಿ ಸರಿಯೆಂದುಕೊಂಡ ಅದೇ ಕೋಡ್ ಮೈಎಸ್‌ಕ್ಯೂಎಲ್‌ನಲ್ಲಿ ಬೇರೆಯಾಗಿ ವರ್ತಿಸುತ್ತದೆ.

ವರದಿಗೆ ನೇರ ಎಸ್‌ಕ್ಯೂಎಲ್ ಬದಲು ಎಂಟಿಟಿಗಳ (ಟೇಬಲ್ಲಿನ ಸಾಲನ್ನು ಪ್ರತಿನಿಧಿಸುವ ಜಾವಾ ಆಬ್ಜೆಕ್ಟ್‌ಗಳ) ಪಟ್ಟಿಯನ್ನು ಕೊಡುತ್ತಿದ್ದರೆ ಆಗ ಕ್ಯಾಶಿನ ಸರದಿ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹೈಬರ್ನೇಟಿನ ಸೆಷನ್ನಿನಲ್ಲಿ (ಬಳಕೆದಾರರ ಸೆಷನ್ ಅಲ್ಲ; ಲೋಡ್ ಆದ ಎಂಟಿಟಿಗಳನ್ನು ಅದು ಇಟ್ಟುಕೊಳ್ಳುವ ಜಾಗ) ಆಗಲೇ ಲೋಡ್ ಆಗಿರುವ ಎಂಟಿಟಿಗಾಗಿ ಹೈಬರ್ನೇಟ್ ಕ್ವೆರಿ ನಡೆಸಿದಾಗ ಹೊಸ ಸಾಲು ಡೇಟಾಬೇಸಿನಿಂದ ಬಂದೇ ಬರುತ್ತದೆ, ಲಾಗಿನಲ್ಲಿ ಆ ಎಸ್‌ಕ್ಯೂಎಲ್ ಕೂಡ ಕಾಣುತ್ತದೆ, ಆದರೂ ಕೈಗೆ ಸಿಗುವುದು ಹಳೆಯ ಮೌಲ್ಯಗಳಿರುವ ಅದೇ ಆಬ್ಜೆಕ್ಟ್. ಲಾಗನ್ನು ನಂಬಿದವರು ಇಲ್ಲಿ ಬಹಳ ಹೊತ್ತು ಕಳೆಯುತ್ತಾರೆ. ವರದಿಗೆ ಹೊಸದೊಂದು ಸೆಷನ್ ತೆರೆಯುವುದು, ಇಲ್ಲವೇ ಓದುವ ಮೊದಲು ಸೆಷನ್ನನ್ನು ಕ್ಲಿಯರ್ ಮಾಡುವುದು ಪರಿಹಾರ. ಆದರೆ ಕ್ಲಿಯರ್ ಮಾಡಿದರೆ ಇನ್ನೂ ಫ್ಲಶ್ ಆಗದ ಬದಲಾವಣೆಗಳು ಕಳೆದುಹೋಗುತ್ತವೆ. ಹೈಬರ್ನೇಟಿನ ಎರಡನೆಯ ಹಂತದ ಕ್ಯಾಶನ್ನು, ಅಂದರೆ ಎಲ್ಲ ಸೆಷನ್‌ಗಳೂ ಹಂಚಿಕೊಳ್ಳುವ ಕ್ಯಾಶನ್ನು, ಕ್ಲಿಯರ್ ಮುಟ್ಟುವುದಿಲ್ಲ. ಬೇರೆ ಪ್ರೋಗ್ರಾಂ ಡೇಟಾಬೇಸನ್ನು ನೇರವಾಗಿ ತಿದ್ದಿದರೆ ಆ ಕ್ಯಾಶಿಗೆ ಸುಳಿವೂ ಸಿಗದು, ಹಾಗಾಗಿ ಅಂಥ ಟೇಬಲ್ಲುಗಳ ಎಂಟಿಟಿಗಳನ್ನು ಅದರಲ್ಲಿ ಇಡದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಅಪ್ಲಿಕೇಶನ್ನನ್ನು ಮತ್ತೆ ಚಾಲೂ ಮಾಡಿದರೆ ವರದಿ ಸರಿಹೋಗುತ್ತದೆಯೇ ಎಂಬ ಪರೀಕ್ಷೆಯೂ ಉಪಯುಕ್ತ. ಸರಿಹೋದರೆ ದೋಷ ಬಹುಮಟ್ಟಿಗೆ ಮೇಲೆ ಹೇಳಿದ ಸ್ನ್ಯಾಪ್‌ಶಾಟ್ ಅಥವಾ ಕ್ಯಾಶಿನಲ್ಲಿದೆ. ಸರಿಹೋಗದಿದ್ದರೆ ವರದಿಯ ಕನೆಕ್ಷನ್ ಹಿಂದೆ ಬಿದ್ದಿರುವ ರೆಪ್ಲಿಕಾ ಸರ್ವರಿಗೆ (ಮೂಲ ಡೇಟಾಬೇಸಿನ ನಕಲಿಗೆ) ಹೋಗುತ್ತಿದೆಯೇ, ಕ್ವೆರಿ ಓದುತ್ತಿರುವುದು ಟೇಬಲ್ಲನ್ನೋ ಅಥವಾ ರಿಫ್ರೆಶ್ ಆಗದ ಮೆಟೀರಿಯಲೈಸ್ಡ್ ವ್ಯೂ (ಕ್ವೆರಿಯ ಫಲಿತಾಂಶವನ್ನು ಉಳಿಸಿಟ್ಟ ಪ್ರತಿ) ಒಂದನ್ನೋ ಎಂದು ನೋಡಬೇಕು. ಈ ಎರಡನ್ನೂ ಜಾವಾ ಕೋಡಿನೊಳಗೆ ಎಷ್ಟು ಹುಡುಕಿದರೂ ಸಿಗದು. ಸಂಪರ್ಕದ ಯುಆರ್‌ಎಲ್ ಮತ್ತು ವ್ಯೂನ ವ್ಯಾಖ್ಯೆಯನ್ನು ತೆರೆದು ಓದಿದರೆ ಮಾತ್ರ ಸಿಗುತ್ತದೆ.