ತುಂಗಭದ್ರೆ ಗುಂಟ ಹೊರಟವರು ಆನೆಗುಂದಿಗೆ ಒಂದಿಡೀ ದಿನ ಇಟ್ಟುಕೊಳ್ಳಿ

ಕೂಡ್ಲಿಯಲ್ಲಿ ತುಂಗೆ, ಭದ್ರೆ ಎರಡೂ ಕೂಡಿದ ಮೇಲೆ ನದಿ ಸುಮಾರು 531 ಕಿ.ಮೀ. ಹರಿದು ಆಲಂಪುರದ ಹತ್ತಿರ ಕೃಷ್ಣೆಗೆ ಸೇರುತ್ತದೆ. ನಾವು ಮನೆಮಂದಿ ಈ ಹೊಳೆ ಗುಂಟ ಹೊರಟಿದ್ದೆವು. ಎಷ್ಟೋ ಊರುಗಳಲ್ಲಿ ಇಳಿದು ಹತ್ತಿದೆವು. ಆದರೆ ಒಂದು ದಿನ ಪೂರ್ತಿ ದಡದಲ್ಲೇ ಕಳೆಯಲೇಬೇಕಾದ ಜಾಗ ಯಾವುದು ಅಂತ ಕೇಳಿದರೆ ಕೊಪ್ಪಳ ಜಿಲ್ಲೆಯ ಆನೆಗುಂದಿ ಅಂತಲೇ ಹೇಳುತ್ತೇನೆ. ಬಹಳ ಜನ ಹಂಪಿ ನೋಡಿ, ಮಧ್ಯಾಹ್ನದ ಮೇಲೆ ಇಲ್ಲಿಗೆ ಬಂದು, ಅಂಜನಾದ್ರಿ ಬೆಟ್ಟ ಹತ್ತಿ ಇಳಿದು ಹೊರಟುಬಿಡುತ್ತಾರೆ. ಹೊಳೆ ಹತ್ತಿರಕ್ಕೂ ಹೋಗುವುದಿಲ್ಲ. ಇಷ್ಟು ದೂರ ಹೊಳೆಗೋಸ್ಕರ ಬಂದವರು ಹಾಗೆ ಮಾಡಬಾರದು.

ಮೊದಲು ನೀರಿನ ಮಾತು. ಮೇಲೆ ತುಂಗಭದ್ರಾ ಡ್ಯಾಂ ಇದೆ, 33 ಗೇಟ್. ಮಳೆಗಾಲದಲ್ಲಿ ಜಲಾಶಯ ತುಂಬಿ ಗೇಟ್ ಎತ್ತಿದರು ಅಂದರೆ ಇಲ್ಲಿನ ದಿನಚರಿಯೇ ಬದಲಾಗುತ್ತದೆ. ನಡುಗಡ್ಡೆಯಲ್ಲಿರುವ ನವವೃಂದಾವನಕ್ಕೆ ದೋಣಿ ನಿಲ್ಲಿಸುತ್ತಾರೆ. ಹೊಳೆ ನಡುವಿನ 64 ಕಾಲಿನ ಮಂಟಪ ಮುಳುಗುತ್ತದೆ. ಇನ್ನೂ ಜಾಸ್ತಿ ಬಿಟ್ಟರೆ ಕೆಳಗಡೆ ಕಂಪ್ಲಿ ಸೇತುವೆಯೂ ಬಂದ್. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಗಿತ್ತಲ್ಲ, ಆಗ ದಡದ ಊರುಗಳು ಎಷ್ಟು ಆತಂಕದಲ್ಲಿದ್ದವು ಅನ್ನುವುದು ಈ ಕಡೆಯವರಿಗೆಲ್ಲ ಗೊತ್ತು. ಹಾಗಾಗಿ ಜುಲೈನಿಂದ ಅಕ್ಟೋಬರ್ ತನಕ ಬರುವವರು ರೂಮು ಹಿಡಿಯುವ ಮೊದಲು ಡ್ಯಾಂನಿಂದ ಹೊಳೆಗೆ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ನೋಡಿಕೊಳ್ಳಿ. ಪೇಪರಿನಲ್ಲಿ ಬಂದೇ ಬರುತ್ತದೆ. ನನ್ನನ್ನು ಕೇಳಿದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ಬೇಡ. ಬಂಡೆಗಳು ಕಾದು, ರಾತ್ರಿಯೂ ಸೆಕೆ ಇಳಿಯುವುದಿಲ್ಲ.

ಬೆಳಿಗ್ಗೆ ಬೇಗ ಎದ್ದು ಘಟ್ಟಕ್ಕೆ ಇಳಿಯಿರಿ. ದಡದಲ್ಲಿ ಹರಿಗೋಲುಗಳನ್ನು ಬೋರಲು ಹಾಕಿರುತ್ತಾರೆ. ಹತ್ತುವ ಮೊದಲು ಒಂದನ್ನು ಹತ್ತಿರದಿಂದ ನೋಡಿ. ಸೀಳಿದ ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ಹಾಯಿಸಿ ಹೆಣೆದಿರುತ್ತಾರೆ. ಅಂಚಿಗೆ ದಪ್ಪನೆಯ ಬಿದಿರಿನ ಸುತ್ತು. ಹೊರಗಡೆ ಪ್ಲಾಸ್ಟಿಕ್ ಚೀಲದ ಹಾಳೆ, ಅದರ ಮೇಲೆ ಟಾರು. ಬಿಸಿಲೇರಿದ ಮೇಲೆ ಮುಟ್ಟಿದರೆ ಟಾರು ಬೆರಳಿಗೆ ಅಂಟುತ್ತದೆ. ಹಿಂದೆ ಪ್ಲಾಸ್ಟಿಕ್ ಬದಲು ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದನ್ನೇ ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದುಂಡನೆಯ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಅಂತ. ಐನೂರು ವರ್ಷ ಕಳೆದರೂ ಅದೇ ಘಟ್ಟದಲ್ಲಿ ಅದೇ ಆಕಾರದ ದೋಣಿ! ನನಗಂತೂ ಹಂಪಿಯ ಕಲ್ಲಿನ ರಥದಷ್ಟೇ ದೊಡ್ಡ ಸಂಗತಿ ಇದು.

ತಿರುಗುವ ದೋಣಿಯನ್ನು ನೆಟ್ಟಗೆ ಒಯ್ಯುವುದೇ ಅಂಬಿಗನ ಕಸುಬು. ಅವರು ಹಿಂದೆ ಕೂತು ನೂಕುವುದಿಲ್ಲ. ಮುಂದಿನ ಅಂಚಿನಲ್ಲಿ ಕೂತು ಹುಟ್ಟನ್ನು ಎದುರಿಗೆ ಚಾಚಿ, ನೀರನ್ನು ತಮ್ಮ ಕಡೆಗೆ ಎಳೆಯುತ್ತಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅದೂ ಆಚೆ ದಡದ ಗುರಿ ಇಟ್ಟು ಹೋಗುವುದಿಲ್ಲ. ಮೊದಲು ಈ ದಡದ ಗುಂಟ ಮೇಲಕ್ಕೆ ಹೋಗಿ, ಆಮೇಲೆ ಸೆಳವಿಗೆ ಬಿಟ್ಟು ಸರಿಯಾಗಿ ಇಳಿಯುವ ಜಾಗಕ್ಕೆ ತಂದು ಮುಟ್ಟಿಸುತ್ತಾರೆ. "ತಾತಾ, ಇವತ್ತು ಸೆಳವು ಜಾಸ್ತಿ ಐತೇನ್ರಿ?" ಅಂತ ನಮ್ಮ ಸೋದರಮಾವ ಕೇಳಿದರೆ, ಅಂಬಿಗ ತಾತ ನೀರಿನ ಬಣ್ಣ ನೋಡಿ, "ಇಲ್ರೀ ಯಪ್ಪಾ, ಬರ್‍ರಿ. ನಡುವ ಕುಂದರ್‍ರಿ, ಅಂಚಿಗೆ ಒರಗಬ್ಯಾಡ್ರಿ" ಅಂದರು. ಆ ಮಾತು ಕೇಳಿ. ಚಪ್ಪಲಿ ಬಿಚ್ಚಿ, ತೂಕ ಎರಡೂ ಕಡೆ ಸಮ ಬರುವ ಹಾಗೆ ತಳದಲ್ಲೇ ಕೂತುಬಿಡಿ. ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ, ಮಕ್ಕಳಿದ್ದರೆ ಇಲ್ಲದೆ ಹತ್ತಲೇಬೇಡಿ. ಹೋಗಿ ಬರುವುದಕ್ಕೆ ಸೇರಿ ಎಷ್ಟು ಅಂತ ದಡದಲ್ಲೇ ಮಾತಾಡಿಕೊಳ್ಳಿ, ಚಿಲ್ಲರೆ ಇಟ್ಟುಕೊಳ್ಳಿ. ಮೋಟಾರ್ ಬೋಟ್ ಕೂಡ ಇರುತ್ತದೆ, ವಯಸ್ಸಾದವರಿಗೆ ಅದೇ ವಾಸಿ.

ನವವೃಂದಾವನ ಇರುವುದು ಹೊಳೆ ನಡುವಿನ ನಡುಗಡ್ಡೆಯಲ್ಲಿ. ಒಂಬತ್ತು ಮಾಧ್ವ ಯತಿಗಳ ವೃಂದಾವನಗಳು, ಅಂದರೆ ಸಮಾಧಿಗಳು. ಮಧ್ವಾಚಾರ್ಯರ ಶಿಷ್ಯರಾದ ಪದ್ಮನಾಭ ತೀರ್ಥರು, ಕೃಷ್ಣದೇವರಾಯನ ಕಾಲದ ವ್ಯಾಸರಾಜರು ಇಲ್ಲಿದ್ದಾರೆ. ಹೊಳೆ ಗುಂಟ ಮಂತ್ರಾಲಯಕ್ಕೆ ಹೊರಟವರು ಸುಧೀಂದ್ರ ತೀರ್ಥರ ವೃಂದಾವನದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅವರು ರಾಘವೇಂದ್ರ ಸ್ವಾಮಿಗಳ ಗುರುಗಳು. ಗುರು ಇಲ್ಲಿ, ಶಿಷ್ಯ ಕೆಳಗೆ ಅದೇ ನದಿಯ ದಡದಲ್ಲಿ. 2019ರ ಜುಲೈನಲ್ಲಿ ಯಾರೋ ದುಷ್ಕರ್ಮಿಗಳು ವ್ಯಾಸರಾಜರ ವೃಂದಾವನವನ್ನು ಕೆಡವಿದ್ದರು. ಭಕ್ತರು, ಮಠದವರು ಸೇರಿ ಬೇಗನೇ ಮತ್ತೆ ಕಟ್ಟಿದರು. ಅಲ್ಲಿ ಜೋರಾಗಿ ಮಾತಾಡಬೇಡಿ, ವೃಂದಾವನಗಳ ಸುತ್ತ ಹಾಕಿರುವ ಗೆರೆ ದಾಟಬೇಡಿ. ಕುಡಿಯುವ ನೀರು ನೀವೇ ಒಯ್ಯಿರಿ.

ವಾಪಸ್ ಬಂದ ಮೇಲೆ ದಡದಲ್ಲೇ ಚಿಂತಾಮಣಿ ಗುಡಿ ಕಡೆ ನಡೆಯಿರಿ. ರಾಮ ವಾಲಿಗೆ ಬಾಣ ಬಿಟ್ಟದ್ದು ಇಲ್ಲಿಂದಲೇ ಅಂತ ಊರವರ ನಂಬಿಕೆ. ಹೊಳೆಯಲ್ಲಿ ನಿಂತಿರುವ 64 ಕಾಲಿನ ಮಂಟಪ ಕೃಷ್ಣದೇವರಾಯನ ಸಮಾಧಿ ಅಂತಲೂ ಹೇಳುತ್ತಾರೆ. ಕಂಬಗಳ ಮೇಲೆ ಹಿಂದಿನ ನೆರೆಯ ಕೆಸರಿನ ಗುರುತು ಕಾಣುತ್ತದೆ. ಆ ಗುರುತು ನಿಮ್ಮ ತಲೆಗಿಂತ ಎಷ್ಟು ಮೇಲಿದೆ ನೋಡಿದರೆ ಸಾಕು, ಮಳೆಗಾಲದ ಹೊಳೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ತಳವಾರಘಟ್ಟದ ಕಡೆ ಅರ್ಧಕ್ಕೇ ನಿಂತ ಸೇತುವೆಯ ಕತೆ ಬೇರೆ. ವರ್ಷಗಟ್ಟಲೆ ಕೆಲಸ ನಿಂತು, ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು. ಕೂಲಿಯವರ ಪ್ರಾಣ ಹೋಯಿತು. ಈಗ ವಾಹನದವರು ಬುಕ್ಕಸಾಗರ–ಕಡೇಬಾಗಿಲು ಸೇತುವೆ ಮೇಲೆ ಬರುತ್ತಾರೆ.

ಬೆಳಿಗ್ಗೆ ಅಥವಾ ಸಂಜೆ ಬಂಡೆ ಸಂದಿ ನೋಡುತ್ತಾ ಸುಮ್ನೆ ಕೂತರೆ ನೀರುನಾಯಿ ಕಾಣುವ ಅವಕಾಶ ಇದೆ. ಮುದ್ಲಾಪುರದಿಂದ ಕಂಪ್ಲಿ ತನಕ ಹೊಳೆಯ 34 ಕಿ.ಮೀ. ಉದ್ದವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ದಯವಿಟ್ಟು ಚಿಪ್ಸ್ ಚೀಲ, ಬಾಟಲಿ ಅಲ್ಲಿ ಬಿಟ್ಟು ಬರಬೇಡಿ. ಈ ಹೊಳೆಯಲ್ಲಿ ಮೊಸಳೆಯೂ ಇದೆ. ಈಜಲು ಇಳಿಯಬೇಡಿ, ಬಂಡೆ ಮೇಲಿಂದ ಹಾರಲೇಬೇಡಿ. 2025ರ ಫೆಬ್ರವರಿಯಲ್ಲಿ ಸಾಣಾಪುರದ ಹತ್ತಿರ ಹಾಗೆ ಹಾರಿದ ಹೈದರಾಬಾದಿನ ಯುವ ವೈದ್ಯೆ ನೀರುಪಾಲಾದರು. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಬಂಡೆ ಸಂದಿಯ ಸೆಳವು ಇರುತ್ತದೆ. ಈಜು ಬರುತ್ತದೆ ಅನ್ನುವವರಿಗೂ ಇದೇ ಮಾತು.

ಊರೊಳಗೆ ಗಗನ ಮಹಲ್, ರಂಗನಾಥ ಗುಡಿ ಎರಡೂ ಹತ್ತಿರ ಹತ್ತಿರ. ಬಾಳೆ ನಾರಿನಿಂದ ಚೀಲ, ಚಾಪೆ ಮಾಡುವ ಹೆಣ್ಣುಮಕ್ಕಳ ಕೆಲಸ ನೋಡಿ, ಕೊಳ್ಳುವುದಿದ್ದರೆ ಅವರ ಹತ್ತಿರವೇ ಕೊಳ್ಳಿ. ಬೆಳಗಿನ ತಿಂಡಿಗೆ ವಗ್ಗರಣೆ, ಮಿರ್ಚಿ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬೇಕು ಅಂದರೆ ಬೆಳಿಗ್ಗೆಯೇ ಹೇಳಿಡಿ.

ಅಂಜನಾದ್ರಿ 575 ಮೆಟ್ಟಿಲು. ಬಿಸಿಲು ಇಳಿದ ಮೇಲೆ ಹತ್ತಿದರೆ ಗದ್ದೆ, ಬಾಳೆ ತೋಟ, ಹೊಳೆಯ ತಿರುವು ಎಲ್ಲವೂ ಒಟ್ಟಿಗೆ ಕಾಣುತ್ತವೆ. ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ, ಅಂದರೆ ಡಿಸೆಂಬರ್ ಸುಮಾರಿಗೆ, ವಿಪರೀತ ಜನ. ಭಕ್ತಿಗೆ ಬರುವವರು ಆಗಲೇ ಬರಲಿ, ಹೊಳೆ ನೋಡಲು ಬರುವವರು ಆ ದಿನಗಳನ್ನು ಬಿಟ್ಟು ಬರಲಿ.

ಮರುದಿನ ಮುಂದಕ್ಕೆ ಹೊರಡುವವರಿಗೆ ಕಂಪ್ಲಿ, ಸಿರುಗುಪ್ಪ ಮೇಲೆ ಮಂತ್ರಾಲಯದ ದಾರಿ ಇದೆ. ಮಳೆಗಾಲವಾದರೆ ಕಂಪ್ಲಿ ಸೇತುವೆ ತೆರೆದಿದೆಯೇ ಅಂತ ರಾತ್ರಿಯೇ ವಿಚಾರಿಸಿಕೊಳ್ಳಿ. ಇಲ್ಲಿಗೇ ಮುಗಿಸುವವರು ಗಂಗಾವತಿಗೆ ಹೋದರೆ ಸಾಕು. 2019ರಿಂದ ಅಲ್ಲಿ ರೈಲೂ ಇದೆ, ಬಸ್ಸುಗಳು ಹೇಗೂ ಇವೆ. ಆನೆಗುಂದಿಯಿಂದ ಗಂಗಾವತಿಗೆ ಕತ್ತಲಾದ ಮೇಲೆ ಬಸ್ಸು ಕಡಿಮೆ. ಬೆಟ್ಟದಿಂದ ಇಳಿದ ಕೂಡಲೇ ಹೊರಡಿ, ಇಲ್ಲವೇ ಆಟೋದವರ ನಂಬರ್ ಮಧ್ಯಾಹ್ನವೇ ತೆಗೆದುಕೊಂಡಿರಿ.