ತೋಟ ಮಾಡಿದರೆ ಮಾರ್ಕ್ಸ್ ಬರುತ್ತಾ?

ಶನಿವಾರ ಬೆಳಗ್ಗೆ ಹೈಸ್ಕೂಲ್ ಮಕ್ಕಳ ಜೊತೆ ಶಾಲೆಯ ತಾರಸಿಯಲ್ಲಿ ತರಕಾರಿ ಬೆಳೆಸುತ್ತೇನೆ. ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ: ‘ಇದರಿಂದ ಮಾರ್ಕ್ಸ್ ಬರುತ್ತಾ ಮೇಡಂ? ಆ ಹೊತ್ತಲ್ಲಿ ಟ್ಯೂಷನ್‌ಗೆ ಹೋಗಬಹುದಲ್ವಾ?’

ಮಾರ್ಕ್ಸ್ ಬರುತ್ತೆ ಅಂತ ನಾನು ಮಾತು ಕೊಡುವುದಿಲ್ಲ. ಆದರೆ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ನನಗೆ ಅದು ದೊಡ್ಡದು.

ಸಿಹಿಗುಂಬಳದ ಬಳ್ಳಿಯನ್ನೇ ನೋಡಿ. ತಾರಸಿ ತುಂಬಾ ಹಬ್ಬುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ‘ಗೊಬ್ಬರ ಜಾಸ್ತಿ ಹಾಕೋಣ’ ಅನ್ನುತ್ತಾನೆ ಒಬ್ಬ. ‘ನೀರು ಸಾಲದು’ ಅನ್ನುತ್ತಾಳೆ ಇನ್ನೊಬ್ಬಳು. ನಾನು ಬಾಯಿ ಬಿಡುವುದಿಲ್ಲ. ನೋಡುತ್ತಾ ನೋಡುತ್ತಾ ಯಾರಿಗೋ ಕಾಣುತ್ತದೆ: ಕೆಲವು ಹೂವಿನ ಬುಡದಲ್ಲಿ ಪುಟ್ಟ ಉಂಡೆ ಇದೆ, ಉಳಿದವಕ್ಕೆ ಬರೀ ತೊಟ್ಟು. ಉಂಡೆ ಇರುವುದು ಹೆಣ್ಣು ಹೂ. ಅಷ್ಟು ಎತ್ತರದ ತಾರಸಿಗೆ ಜೇನುನೊಣ ಬರುವುದು ಅಪರೂಪ. ಪರಾಗ ಸಿಗದ ಉಂಡೆ ಹಳದಿಯಾಗಿ ಉದುರುತ್ತದೆ. ಇದು ಗೊತ್ತಾದ ಮೇಲೆ ಅವರೇ ಗಂಡು ಹೂವಿನ ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿಗೆ ಸವರುತ್ತಾರೆ. ಹೊತ್ತೇರಿದರೆ ಹೂ ಮುದುಡುತ್ತದೆ, ಹಾಗಾಗಿ ಬೇಗ ಬರುತ್ತಾರೆ. ಬಡಿದೆಬ್ಬಿಸುವ ಕೆಲಸ ಮನೆಯವರಿಗೆ ತಪ್ಪಿದೆ!

ಪರಾಗಸ್ಪರ್ಶದ ಪಾಠವನ್ನು ಆ ಮಕ್ಕಳು ಬಾಯಿಪಾಠ ಮಾಡಬೇಕಾಗಿಲ್ಲ. ಅಲ್ಲಿಗೇ ನಿಲ್ಲುವುದೂ ಇಲ್ಲ. ‘ಜೇನು ಯಾಕೆ ಬರ್ತಿಲ್ಲ ಮಿಸ್, ಏನು ನೆಟ್ಟರೆ ಬರುತ್ತೆ?’ ಅಂತ ಕೇಳುತ್ತಾರೆ. ಈಗ ಬಳ್ಳಿಯ ಪಕ್ಕ ತುಳಸಿ, ಸೂರ್ಯಕಾಂತಿ ಇವೆ. ಅದನ್ನು ಯೋಚಿಸಿದ್ದು ನಾನಲ್ಲ.

ಕಣ್ಣಿನ ವಿಷಯವೂ ಇದೆ. ಹಗಲಲ್ಲಿ ಹೊರಗೆ ಹೆಚ್ಚು ಹೊತ್ತು ಇರುವ ಮಕ್ಕಳಿಗೆ, ದೂರದ್ದು ಮಂಜಾಗಿ ಕಾಣುವ ದೋಷ ಶುರುವಾಗುವುದು ಕಡಿಮೆ ಅಂತ ಹಲವು ಅಧ್ಯಯನಗಳು ತೋರಿಸಿವೆ.

‘ನಮ್ಮದು ಅಪಾರ್ಟ್‌ಮೆಂಟು, ಮಣ್ಣೆಲ್ಲಿದೆ?’ ಅನ್ನುವವರಿಗೆ: ಬಿಸಿಲು ಬೀಳುವ ಬಾಲ್ಕನಿ, ಒಂದು ಅಗಲದ ಕುಂಡ ಸಾಕು. ಸಾಂಬಾರ್ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಬಿತ್ತಿ. ವಾರದೊಳಗೆ ಮೊಳಕೆ, ತಿಂಗಳ ಹೊತ್ತಿಗೆ ಸೊಪ್ಪು. ಕರಿಬೇವಿನ ಕುಂಡ ಇದ್ದರೆ ಎಲೆ ತಿನ್ನುವ ಹುಳಕ್ಕೆ ದಯವಿಟ್ಟು ಔಷಧಿ ಹೊಡೆಯಬೇಡಿ. ಮೊದಲು ಹಕ್ಕಿ ಹಿಕ್ಕೆಯಂತೆ ಕಾಣುವ, ಆಮೇಲೆ ಹಸಿರಾಗುವ ಆ ಹುಳ ಚಿಟ್ಟೆಯಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಮಕ್ಕಳು ಮೊಬೈಲ್ ಕೆಳಗಿಟ್ಟು ನೋಡುತ್ತಾರೆ.

ಅದೂ ಆಗದಿದ್ದರೆ ಲಾಲ್‌ಬಾಗ್ ಇದೆ. 1760ರಲ್ಲಿ ಹೈದರಾಲಿ ಶುರುಮಾಡಿಸಿದ ತೋಟ, ಈಗ 240 ಎಕರೆ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಫ್ಲವರ್ ಶೋ ನೂಕುನುಗ್ಗಲಲ್ಲಿ ಬೇಡ, ಸಾಮಾನ್ಯ ದಿನ ಹೋಗಿ. ಮಕ್ಕಳು ಒಂದೇ ಮರ ಆರಿಸಿಕೊಂಡು ತಿಂಗಳಿಗೊಮ್ಮೆ ಹೋಗಿ ನೋಡಲಿ, ಬರೆದಿಡಲಿ.

ಟ್ಯೂಷನ್ ಬಿಡಿಸಿ ಅಂತ ನಾನು ಹೇಳುತ್ತಿಲ್ಲ. ಶನಿವಾರ ಬೆಳಗ್ಗೆ ಎರಡು ಗಂಟೆ ನಮಗೆ ಬಿಟ್ಟುಕೊಡಿ. ನೀವೂ ಬನ್ನಿ, ಕುಂಬಳದ ಹೂ ಇನ್ನೂ ಬಿಡುತ್ತಿದೆ.