ಮಾತಿಲ್ಲದ ಎರಡು ಪುಟ

ನನ್ನ ಕಾಮಿಕ್ಸ್ ಇವತ್ತು ಪ್ರಿಂಟಿಗೆ ಹೋಯಿತು. ಕಥೆ, ಚಿತ್ರ, ಮಾತಿನ ಬಲೂನಿನೊಳಗಿನ ಅಕ್ಷರ ಎಲ್ಲ ನನ್ನದೇ. ಅಚ್ಚಿನ ಖರ್ಚೂ ನನ್ನದೇ.

ಕಥೆ ಮುಗಿದಾಗ 22 ಪುಟ ಇತ್ತು. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು 4ರ ಲೆಕ್ಕದಲ್ಲೇ ಬರಬೇಕು. ಒಂದು ಹಾಳೆ ಮಡಚಿದರೆ 4 ಪುಟ ಅಲ್ವಾ? ಇನ್ನೂ 2 ಬೇಕಾಯಿತು. ಸುಮ್ನೆ ಜಾಹೀರಾತು ತುಂಬಿಸಲು ಮನಸ್ಸು ಒಪ್ಪಲಿಲ್ಲ. ಕಥೆಯಲ್ಲಿ ಅಜ್ಜಿ ಮನೆಗೆ ಬೀಗ ಹಾಕಿ ಹೊರಡುವ ಜಾಗದಲ್ಲಿ ಮಾತಿಲ್ಲದ ಎರಡು ಪುಟ ಬರೆದೆ. ಬರೀ ಖಾಲಿ ಕೋಣೆಗಳು. ಇಡೀ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದದ್ದು ಈಗ ಅವೇ. ಎಡ ಬಲ ಪುಟಗಳ ಜೋಡಣೆಯೂ ಕೆಡಲಿಲ್ಲ. ಒಂದೇ ಪುಟ ಸೇರಿಸಿದ್ದರೆ, ಹಾಳೆ ತಿರುಗಿಸಿದ ಮೇಲೆ ಕಾಣಬೇಕಾದ ಚಿತ್ರ ಮೊದಲೇ ಬಲಗಡೆ ಕಂಡುಬಿಡುತ್ತಿತ್ತು.

ಪರದೆ ಮೇಲೆ ಹೊಳೆಯುವ ನೀಲಿ ಶಾಯಿಯಲ್ಲಿ ಮಂಕಾಗುತ್ತದೆ. ಬಣ್ಣಗಳನ್ನು ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕಕ್ಕೆ ಬದಲಿಸಿ ರಾತ್ರಿಯ ಆಕಾಶಕ್ಕೆ ಮತ್ತೆ ಬಣ್ಣ ಹಚ್ಚಿದೆ. ಕತ್ತರಿಸುವ ಅಂಚಿನಾಚೆಗೂ ಚಿತ್ರವನ್ನು 3 ಮಿಲಿಮೀಟರ್ ಜಾಸ್ತಿ ಚಾಚಿದೆ.

ಒಬ್ಬರೇ ಮಾಡುವಾಗ ತಿದ್ದುವವರು ಇರುವುದಿಲ್ಲ. ಅದು ಕಷ್ಟವೇ. ಆದರೆ ಆ ಖಾಲಿ ಕೋಣೆಗಳನ್ನು ತೆಗೆದುಹಾಕು ಅನ್ನುವವರೂ ಇರುವುದಿಲ್ಲ. ಸ್ಯಾಂಪಲ್ ಪ್ರತಿ ಬಂದ ಕೂಡಲೇ ಮೊದಲು ಆ ಪುಟಗಳನ್ನೇ ತೆರೆದು ನೋಡಬೇಕು.